ಮೆಟ್ಟಿಲಿಲ್ಲದ ಕಡೆ

ನನ್ನ ಅಪ್ಪನಿಗೆ ಈಜು ಬರುತ್ತಿರಲಿಲ್ಲ. ನನಗೆ ಈಜು ಕಲಿಸಲು ಹೊರಟವನೂ ಅವನೇ. ಇದನ್ನು ಕೇಳಿದವರೆಲ್ಲ ನಗುತ್ತಾರೆ. ನಗಲಿ. ಬಾವಿಯೊಳಗೆ ಇದ್ದವಳು ನಾನು, ನನಗೆ ಇವತ್ತಿಗೂ ನಗು ಬಂದಿಲ್ಲ.

ಹೊಸಪೇಟೆಯಿಂದ ಕಂಪ್ಲಿ ಕಡೆ ಹೋಗುವ ದಾರಿಯಲ್ಲಿ ನಮ್ಮ ಹೊಲ. ಮೊದಲು ಅಲ್ಲಿ ಜೋಳ, ಸಜ್ಜೆ ಬಿಟ್ಟರೆ ಏನೂ ಬೆಳೆಯುತ್ತಿರಲಿಲ್ಲವಂತೆ. ಡ್ಯಾಮಿನ ಕಾಲುವೆ ಬಂದ ಮೇಲೆ ಕಬ್ಬು ಬಂತು, ಬಾಳೆ ಬಂತು, ಅದರ ಹಿಂದೆಯೇ ಜಗಳವೂ ಬಂತು. ಒಣ ಹೊಲವಿದ್ದಾಗ ಒಂದೇ ತಟ್ಟೆಯಲ್ಲಿ ಉಂಡ ಅಪ್ಪ ಮತ್ತು ದೊಡ್ಡಪ್ಪ, ನೀರು ಕಂಡ ಮೇಲೆ ಒಬ್ಬರ ಮುಖ ಒಬ್ಬರು ನೋಡದಂತಾದರು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಹೊಲ ಪಾಲಾಯಿತು, ಎತ್ತು ಪಾಲಾದವು, ಅಜ್ಜನ ಕಾಲದ ಕಲ್ಲು ಕಟ್ಟಿದ ಚೌಕ ಬಾವಿಯೂ ಪಾಲಾಯಿತು. ಮೂಡಣ ಅರ್ಧ ದೊಡ್ಡಪ್ಪನಿಗೆ, ಪಡುವಣ ಅರ್ಧ ನಮಗೆ. ಪಂಚಾಯ್ತಿಗೆ ಕೂತ ಹಿರಿಯರು ಚಹಾ ಕುಡಿದು ಎದ್ದು ಹೋದ ಮೇಲೆ ಅಪ್ಪನಿಗೆ ಹೊಳೆದದ್ದೇನೆಂದರೆ, ಬಾವಿಗೆ ಇಳಿಯುವ ಮೆಟ್ಟಿಲು ಇದ್ದದ್ದು ಮೂಡಣ ಗೋಡೆಗೆ ಮಾತ್ರ. ನಮ್ಮ ಕಡೆ ಬರೀ ನೆಟ್ಟಗಿನ ಗೋಡೆ. ಕೇಳಿದ್ದರೆ ದಾರಿ ಬಿಡುತ್ತಿದ್ದರೋ ಏನೋ. ಅಪ್ಪ ಕೇಳುವ ಗಿರಾಕಿಯಲ್ಲ. "ಆ ಮೆಟ್ಟಲ ಮ್ಯಾಲೆ ನಮ್ಮ ಮನೀ ಮಂದಿ ಯಾರೂ ಕಾಲಿಡಬಾರದು" ಎಂದು ಅವ್ವನಿಗೆ ಹೇಳಿದ. ಅವ್ವ ಅವತ್ತಿನಿಂದ ಬಟ್ಟೆಯ ಗಂಟು ಹೊತ್ತುಕೊಂಡು ಕಾಲುವೆಗೆ ಹೋಗತೊಡಗಿದಳು. ದೂರ ಯಾರಿಗೆ? ಅಪ್ಪನಿಗಲ್ಲವಲ್ಲ.

ಕಾಲುವೆ ಇರುವ ಊರಿನಲ್ಲಿ ಮಕ್ಕಳಿಗೆ ಈಜು ಬರಲೇಬೇಕು. ನಾವು ಶಾಲೆಗೆ ಹೋಗುತ್ತಿದ್ದದ್ದೇ ಕಾಲುವೆಯ ದಂಡೆಯ ಮೇಲೆ. ಕಾಲು ಜಾರಿದರೆ ಹಿಡಿಯಲು ಒಂದು ಗರಿಕೆಯೂ ಸಿಗದಂಥ ಇಳಿಜಾರು ಅದು. ಹಾಗಾಗಿ ಬೇಸಿಗೆ ರಜೆ ಬಂದರೆ ನಮ್ಮ ಓಣಿಯ ಹುಡುಗರೆಲ್ಲ ಬಾವಿಗೆ ಬರುತ್ತಿದ್ದರು. ಕಲಿಸುತ್ತಿದ್ದವನು ದೊಡ್ಡಪ್ಪ. ಹುಡುಗರ ಬೆನ್ನಿಗೆ ಒಣಗಿದ ಕತ್ತಾಳೆಯ ಬೆಂಡು ಕಟ್ಟಿ ಮೆಟ್ಟಿಲಿನಿಂದ ಮೆಲ್ಲಗೆ ನೀರಿಗೆ ಬಿಡುತ್ತಿದ್ದ. ದಿನ ಕಳೆದಂತೆ ಬೆಂಡು ಸಣ್ಣದಾಗುತ್ತಾ ಹೋಗಿ ಕೊನೆಗೆ ಬೆಂಡೇ ಇಲ್ಲದೆ ಹುಡುಗ ತೇಲುತ್ತಿದ್ದ. ಕೆಲಸದಲ್ಲಿ ಒಳ್ಳೆಯ ಗುರು, ಬಾಯಿ ಮಾತ್ರ ಬಚ್ಚಲು. ಅವನ ಮಗ, ನನಗಿಂತ ಒಂದು ವರ್ಷಕ್ಕೆ ದೊಡ್ಡವನು, ಆ ಬೇಸಿಗೆಯಲ್ಲಿ ಬಾವಿಯನ್ನು ಅಡ್ಡಡ್ಡ ಈಜಿದ. ಆ ಸುದ್ದಿ ಓಣಿಯೆಲ್ಲ ಸುತ್ತಿ ನಮ್ಮ ಪಡಸಾಲೆಗೂ ಬಂತು.

ಅಪ್ಪ ಉಣ್ಣುತ್ತಿದ್ದವನು ಕೈ ತೊಳೆದು ಎದ್ದ. "ಆ ಮನಷ್ಯಾನ ಮಗ ಈಜ್ತಾನ, ನನ್ನ ಮಗಳು ಈಜಂಗಿಲ್ಲೇನು?" ಎಂದ. ನಾನು ಒಂದನೆಯ ತರಗತಿ ಮುಗಿಸಿದ್ದೆ. ಅವನಿಗೆ ಒಬ್ಬಳೇ ಮಗಳು. ಹೆಣ್ಣಾಯಿತೆಂದು ಮುಖ ಗಂಟು ಹಾಕಿಕೊಂಡೇ ಇದ್ದವನು ಅವತ್ತು ಮೊದಲ ಸಲ ನನ್ನ ಕೈ ಹಿಡಿದು ಓಣಿಯಲ್ಲಿ ನಡೆದ. ನಾನು ಕುಣಿಯುತ್ತಾ ಹೋದೆ. ಈಜು ಬರುತ್ತದೋ ಬಿಡುತ್ತದೋ, ಅಪ್ಪನಿಗೆ ನಾನು ಬೇಕಾಗಬೇಕಿತ್ತು. ಆ ವಯಸ್ಸಿನಲ್ಲಿ ನನಗಿದ್ದ ಆಸೆ ಅದೊಂದೇ.

ಅಪ್ಪನಿಗೆ ಈಜು ಯಾಕೆ ಬರುತ್ತಿರಲಿಲ್ಲವೆಂದರೆ, ಸಣ್ಣವನಿದ್ದಾಗ ಇದೇ ಅಣ್ಣ ಇದೇ ಬಾವಿಯಲ್ಲಿ ಚೇಷ್ಟೆಗೆಂದು ಅವನ ತಲೆಯನ್ನು ನೀರಿನೊಳಗೆ ಒತ್ತಿ ಹಿಡಿದಿದ್ದನಂತೆ. ಆಮೇಲೆ ಅಪ್ಪ ನೀರಿಗಿಳಿಯಲೇ ಇಲ್ಲ. ಇದನ್ನು ನನಗೆ ಹೇಳಿದ್ದು ಅವ್ವ, ಎಷ್ಟೋ ವರ್ಷದ ಮೇಲೆ, ಅಪ್ಪನ ಮೇಲೆ ನನಗೆ ಕರುಣೆ ಬರಲೆಂದು. ಬರಲಿಲ್ಲ.

ಅಪ್ಪನ ಪದ್ಧತಿಯೇ ಬೇರೆ. ಬೆಂಡು ಕಟ್ಟುವುದು ಹೇಡಿಗಳ ಕೆಲಸವಂತೆ. ಹೊಸಪೇಟೆ ಬಜಾರಿನಿಂದ ಹೊಸ ನೈಲಾನ್ ಹಗ್ಗ ತಂದಿದ್ದ, ನೀಲಿ ಬಣ್ಣದ್ದು, ಮಿರಮಿರ ಮಿಂಚುವಂಥದ್ದು. ಅದನ್ನು ನನ್ನ ಸೊಂಟಕ್ಕೆ ಕಟ್ಟಿ, ನಮ್ಮ ಕಡೆಯ ದಂಡೆಯ ಮೇಲೆ ಬೋರಲು ಮಲಗಿ, ನನ್ನ ಕೈ ಹಿಡಿದು ನೀರಿಗೆ ಬಿಡುತ್ತಿದ್ದ. ಕಾಲುವೆಯ ಬಸಿ ನೀರಿನಿಂದ ಬಾವಿ ಬೇಸಿಗೆಯಲ್ಲೂ ಮೇಲಿನವರೆಗೆ ತುಂಬಿರುತ್ತಿತ್ತು, ಕೈ ಚಾಚಿದರೆ ನೀರು ಸಿಗುತ್ತಿತ್ತು. ಆಮೇಲೆ ಎದ್ದು ನಿಂತು ಹಗ್ಗ ಹಿಡಿದು ಕೂಗುತ್ತಿದ್ದ. "ಕೈ ಬಡಿ. ಕಾಲು ಬಡಿ. ಕಪ್ಪೀ ನೋಡಿಲ್ಲೇನು, ಹಂಗ." ನಾನು ಮುಳುಗಿದರೆ ಕೊಡಪಾನ ಸೇದಿದಂತೆ ಸೇದಿ ಮೇಲೆತ್ತುತ್ತಿದ್ದ, ಕೆಮ್ಮು ನಿಲ್ಲುವ ಮೊದಲೇ ಮತ್ತೆ ಬಿಡುತ್ತಿದ್ದ. ಆ ಕಡೆ ಮೆಟ್ಟಿಲ ಬಳಿ ಓಣಿಯ ಹುಡುಗರೆಲ್ಲ ಕೇಕೆ ಹಾಕುತ್ತಾ ನೀರೆರಚಾಡುತ್ತಿದ್ದರು. ಈ ಕಡೆ ನಾನೊಬ್ಬಳೇ.

"ಅತ್ತಾಗ ಹೋಗಬ್ಯಾಡ" ಎನ್ನುವುದು ಅಪ್ಪನ ಮೊದಲ ಪಾಠವಾಗಿತ್ತು. ನೀರಿಗೇನು ಗೊತ್ತು ಯಾವುದು ಯಾರ ಪಾಲೆಂದು.

ದೊಡ್ಡಪ್ಪ ಇದನ್ನೆಲ್ಲ ನೋಡಿಯೂ ನೋಡದವನಂತೆ ಇರುತ್ತಿದ್ದ. ಒಂದು ದಿನ ಮಾತ್ರ, ಒಬ್ಬ ಹುಡುಗನ ಬೆನ್ನಿಗೆ ಬೆಂಡು ಕಟ್ಟುತ್ತಾ, ಆ ಹುಡುಗನಿಗೇ ಹೇಳುವವನಂತೆ ಹೇಳಿದ: "ಪುಂಡಿ ನಾರಿನ ಹಗ್ಗ ಆದ್ರ ನೀರಾಗ ಬಿಗಿತೈತಿ ನೋಡಪ. ನೈಲಾನು ಜಾರತೈತಿ. ಕೆಲವ್ರಿಗೆ ತಿಳಿಯಂಗಿಲ್ಲ." ಹೇಳಬೇಕೆಂದಿದ್ದರೆ ನೆಟ್ಟಗೆ ಹೇಳಬಹುದಿತ್ತು. ಹೀಗೆ ಹೇಳಿದ್ದರಿಂದ ಅಪ್ಪ ಬೇಕೆಂದೇ ಆ ಹಗ್ಗವನ್ನೇ ಬಳಸಿದ. ಇಬ್ಬರೂ ಸೇರಿಯೇ ನನ್ನನ್ನು ಮುಳುಗಿಸಿದರು ಎಂದು ನಾನು ಹೇಳುವುದು ಇದಕ್ಕೇ.

ಮಾರನೆಯ ದಿನವೇ ಅದಾಯಿತು. ಅಪ್ಪ ನನ್ನನ್ನು ನೀರಿಗೆ ಬಿಟ್ಟು ಹಗ್ಗ ಸಡಿಲಿಸಿದ. ನಾನು ಕೈಕಾಲು ಬಡಿಯುತ್ತಾ ನಡುಬಾವಿಗೆ ಹೋದೆ. ಹಿಂದಿನಿಂದ ಅಪ್ಪ "ಹಾಂ, ಹಂಗ, ಹಂಗ" ಎನ್ನುತ್ತಿದ್ದ. ಅವನ ದನಿಯಲ್ಲಿ ಖುಷಿ ಇತ್ತು. ಆ ಖುಷಿಗಾಗಿ ನಾನು ಇನ್ನೂ ಜೋರಾಗಿ ಬಡಿದೆ. ಗಂಟು ಬಿಚ್ಚಿದ್ದು ಆಗಲೇ. ಸೊಂಟ ಹಗುರಾಯಿತು, ಮರುಗಳಿಗೆ ಮೂಗು, ಬಾಯಿ, ಕಿವಿ ಎಲ್ಲ ನೀರು.

ಮುಳುಗಿ ಎದ್ದಾಗ ಮೆಟ್ಟಿಲಿಗೆ ಹತ್ತಿರವಿದ್ದೆ, ಅಪ್ಪನಿಗೆ ದೂರವಿದ್ದೆ. ಮುಂದಿನದನ್ನು ನಾನು ನೀರಿನ ಮೇಲೆ ಬಂದಾಗ ಒಂದಿಷ್ಟು ಕಂಡೆ, ಉಳಿದದ್ದನ್ನು ಅವ್ವ ಹೇಳಿದಳು. ದೊಡ್ಡಪ್ಪ ಮೇಲಿನ ಮೆಟ್ಟಿಲಲ್ಲಿ ಎದ್ದು ನಿಂತ. ಒಂದು ಜಿಗಿತಕ್ಕೆ ನನ್ನನ್ನು ಹಿಡಿಯಬಹುದಿತ್ತು. ಜಿಗಿಯಲಿಲ್ಲ. ನನ್ನನ್ನು ನೋಡದೆ ಎದುರು ದಂಡೆಯನ್ನು ನೋಡುತ್ತಾ, ಪಕ್ಕದ ಹುಡುಗರಿಗೆ ಹೇಳಿದ: "ಕೇಳ್ರಲೇ ಅವನನ್ನ, ನಾ ಇಳೀಬೇಕೇನು ಅಂತ."

ಅಪ್ಪ ಯಾರ ಕಡೆಯೂ ನೋಡದೆ ಉತ್ತರ ಕೊಟ್ಟ. "ಯಾರೂ ಇಳಿಯೂದು ಬ್ಯಾಡ. ಹಗ್ಗ ನನ್ನ ಕೈಯಾಗ ಐತಿ."

ಹಗ್ಗ ಅವನ ಕೈಯಲ್ಲಿಯೇ ಇತ್ತು, ನಿಜ. ಅದರ ತುದಿಯಲ್ಲಿ ನಾನಿರಲಿಲ್ಲ. ಅದು ಅವನಿಗೂ ಕಾಣುತ್ತಿತ್ತು. 'ಅಣ್ಣಾ' ಎಂದು ಒಂದು ಸಲ ಕರೆದಿದ್ದರೆ ಮುಗಿಯುತ್ತಿತ್ತು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರೆ, ನಮ್ಮಲ್ಲಿ ಅಣ್ಣತಮ್ಮಂದಿರ ಜಗಳದಲ್ಲಿ ಕೂಸು ಹೊಟ್ಟೆತುಂಬ ನೀರು ಕುಡಿಯಿತು.

ಅವ್ವ ಬುತ್ತಿ ತೆಗೆದುಕೊಂಡು ಬದುವಿನ ಮೇಲೆ ಬರುತ್ತಿದ್ದಳು. ಬುತ್ತಿ ಬಿಸಾಕಿ ಓಡಿ, ಬಾವಿ ಸುತ್ತಿ, ದೊಡ್ಡಪ್ಪನನ್ನು ತಳ್ಳಿಕೊಂಡೇ ಮೆಟ್ಟಿಲಿಳಿದಳು. ಅವಳು ಸಂಡೂರಿನ ಗುಡ್ಡದ ಕಡೆಯವಳು, ನೀರೆಂದರೆ ಅಂಜುತ್ತಿದ್ದಳು. ಕೆಳಗಿನ ಮೆಟ್ಟಿಲಲ್ಲಿ ದೊಡ್ಡವ್ವ ಬಟ್ಟೆ ಒಗೆಯುತ್ತಿದ್ದಳು, ಅವಳಿಗೂ ಈಜು ಬರದು. ಒಬ್ಬರಿಗೊಬ್ಬರು ಮಾತು ಬಿಟ್ಟ ಆ ಇಬ್ಬರು ನೆಗೆಣ್ಣಿಯರು ಮಾತಿಲ್ಲದೆಯೇ ಕೈ ಕೈ ಹಿಡಿದರು. ದೊಡ್ಡವ್ವ ಮೆಟ್ಟಿಲ ಮೇಲೆ ಗಟ್ಟಿಯಾಗಿ ಕೂತಳು, ಅವ್ವ ನೀರೊಳಗಿನ ಮೆಟ್ಟಿಲಿಗೆ ಕುತ್ತಿಗೆವರೆಗೆ ಇಳಿದು ನನ್ನ ಜುಟ್ಟು ಹಿಡಿದು ಎಳೆದಳು.

ನಾನು ಕಕ್ಕಿಕೊಂಡು ಉಸಿರಾಡಿದ ಮೇಲೆ ದೊಡ್ಡವ್ವ ಬಾಯಿ ಬಿಟ್ಟಳು. "ನಿನ್ನ ಗಂಡಗ ಹೇಳು, ನಮ್ಮ ಮೆಟ್ಟಲ ತುಳದದ್ದಕ್ಕ ನಾವೇನೂ ಕೇಳಂಗಿಲ್ಲ ಅಂತ." ಜೀವ ಉಳಿಸಿದ ಬಾಯಿಂದಲೇ ಆ ಮಾತು ಬಂತು. ನಮ್ಮ ಮನೆತನದಲ್ಲಿ ಉಪಕಾರಕ್ಕೂ ಮುಳ್ಳಿರುತ್ತಿತ್ತು.

ಅವ್ವ ನನ್ನನ್ನು ಎತ್ತಿಕೊಂಡು ಮೇಲೆ ಬಂದಳು. ಅಪ್ಪ ಅಷ್ಟರಲ್ಲಿ ಸುತ್ತಿ ಬಂದು, ಎರಡು ಹೊಲದ ನಡುವಿನ ಬದುವಿನ ಈಚೆ, ನಮ್ಮ ಕಡೆಗೆ ನಿಂತಿದ್ದ. ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟಿರಲಿಲ್ಲ. ಅವನು ಕೇಳಿದ ಮೊದಲ ಮಾತು ನನ್ನ ಬಗ್ಗೆಯಲ್ಲ.

"ಆ ಮೆಟ್ಟಲ ಯಾಕ ಇಳದಿ? ನಾ ಎಳೀತಿದ್ನೆಲ್ಲ."

ಅವ್ವ ಗಂಡನಿಗೆ ಎದುರಾಡಿದ್ದನ್ನು ಅದುವರೆಗೆ ನಾನು ನೋಡಿರಲಿಲ್ಲ. ಅವತ್ತೂ ದನಿ ಏರಿಸಲಿಲ್ಲ. ನನ್ನನ್ನು ಬದುವಿನ ಮೇಲಿಂದ ಅವನ ಮುಂದೆ ಚಾಚಿದಳು. "ಹಿಡೀರಿ. ನಿಮ್ಮ ಪಾಲಿಗೆ ಬಂದದ್ದು ಇದೊಂದ ಐತಿ" ಎಂದಳು.

ಅಪ್ಪ ಹಿಡಿದುಕೊಂಡ. ಹಿಡಿದುಕೊಂಡು ದೊಡ್ಡಪ್ಪನ ಕಡೆ ನೋಡಿದ, ಅವನು ನೋಡುತ್ತಿದ್ದಾನೋ ಇಲ್ಲವೋ ಎಂದು. ಅಪ್ಪ ಈಗಿಲ್ಲ. ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಅಂತಾರೆ. ಆ ನೋಟವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದೇನೆ, ನನ್ನ ಸಿಟ್ಟಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಮಾರನೆಯ ಬೆಳಿಗ್ಗೆ ಅವ್ವ ನನ್ನ ಕೈ ಹಿಡಿದು, ಓಣಿಯ ಮಂದಿಯೆಲ್ಲ ನೋಡುತ್ತಿರುವಾಗಲೇ ಬಾವಿಗೆ ಹೋದಳು. ಮೆಟ್ಟಿಲ ಬಳಿ ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು, "ಭಾವಾರ, ಇದಕ್ಕ ಈಜು ಕಲಸ್ರಿ" ಎಂದಳು. ದೊಡ್ಡಪ್ಪ ಮೀಸೆಯಲ್ಲೇ ನಕ್ಕ. ಗೆದ್ದೆನೆಂಬ ನಗು ಅದು. ಕಲಿಸಿದ, ಚೆನ್ನಾಗಿಯೇ ಕಲಿಸಿದ. ಆದರೆ ನನ್ನ ಬೆನ್ನಿಗೆ ಬೆಂಡು ಕಟ್ಟುವಾಗಲೆಲ್ಲ ಆ ದಂಡೆಗೆ ಕೇಳುವಂತೆ, "ನಿಮ್ಮಪ್ಪಗ ಹೇಳು, ಈಜು ಅಂದ್ರ ಎಮ್ಮೀಗೆ ದಾವಣಿ ಹಗ್ಗ ಕಟ್ಟಿದಂಗಲ್ಲ ಅಂತ" ಎನ್ನುತ್ತಿದ್ದ. ಹುಡುಗರು ನಗುತ್ತಿದ್ದರು. ನನಗೆ ಅವನ ಕೈ ಕಚ್ಚಬೇಕೆನಿಸುತ್ತಿತ್ತು. ಕಚ್ಚಿದರೆ ಈಜು ಕಲಿಯುವುದು ನಿಲ್ಲುತ್ತದೆಂದು ಹಲ್ಲು ಕಚ್ಚಿಕೊಂಡಿದ್ದೆ.

ಅಪ್ಪ ಮನೆಯಲ್ಲಿ ಅವ್ವನೊಂದಿಗೆ ಮಾತು ಬಿಟ್ಟ, ನನ್ನೊಂದಿಗೂ ಬಿಟ್ಟ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವಂತೆ ದಿನಾ ಬಾವಿಗೆ ಬಂದು ನಮ್ಮ ದಂಡೆಯ ಮೇಲೆ ಬೆನ್ನು ತಿರುಗಿಸಿ ಕೂರುತ್ತಿದ್ದ. ನೋಡುವುದಿಲ್ಲವಾದರೆ ಬರುವುದಾದರೂ ಯಾಕೆ? ನಾನು ಇದನ್ನೇ ಯೋಚಿಸುತ್ತಿದ್ದೆ. ಒಳ್ಳೆಯದನ್ನೇ ಯೋಚಿಸಿದೆ, ಸಣ್ಣವಳಲ್ಲವೇ. ಬಾವಿಯನ್ನು ನಾನೂ ಅಡ್ಡಡ್ಡ ಈಜಿ ಅವನ ಕಾಲ ಬುಡಕ್ಕೆ ಹೋಗಿ ಮುಟ್ಟಿದರೆ, ಅವನು ತಿರುಗಿ ನೋಡಿ, ಬಗ್ಗಿ ಎತ್ತಿಕೊಳ್ಳುತ್ತಾನೆ ಎಂದುಕೊಂಡೆ.

ಬೆಂಡು ಬಿಟ್ಟ ಮೇಲೆ ಒಂದು ದಿನ ಯಾರಿಗೂ ಹೇಳದೆ ಮೆಟ್ಟಿಲಿನಿಂದ ಹೊರಟೆ. ನಡುಬಾವಿಯಲ್ಲಿ ಹೆದರಿಕೆಯಾಯಿತು, ಆದರೂ ಬಿಡಲಿಲ್ಲ. ನಮ್ಮ ಗೋಡೆಯ ಕಲ್ಲು ಕೈಗೆ ಸಿಕ್ಕಾಗ ಎದೆ ಒಡೆಯುವಷ್ಟು ಏದುಸಿರು ಬರುತ್ತಿತ್ತು. ಕಲ್ಲಿನ ಸಂದಿಯಲ್ಲಿ ಬೆರಳು ತೂರಿಸಿ ಜೋತುಬಿದ್ದು ಮೇಲೆ ನೋಡಿದೆ. ಅಪ್ಪ ಅಲ್ಲೇ ಇದ್ದ.

"ಅಪ್ಪಾ, ಈಜಿ ಬಂದೆ. ಎತ್ಕೋ."

ಅಪ್ಪ ತಿರುಗಿ ನೋಡಿದ. ನನ್ನನ್ನು ನೋಡಿದ, ನನ್ನ ತಲೆಯ ಮೇಲಿಂದ ಎದುರಿನ ಮೆಟ್ಟಿಲನ್ನು ನೋಡಿದ. ಅಲ್ಲಿ ದೊಡ್ಡಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಬಂದ ದಾರೀಲೆ ಹೋಗು" ಎಂದ ಅಪ್ಪ.

ನಾನು ಒಂದಿಷ್ಟು ಹೊತ್ತು ಹಾಗೇ ಜೋತುಬಿದ್ದಿದ್ದೆ. ಸಿಟ್ಟಿಗೆ ಅಂದಿರಬೇಕು, ಈಗ ಕೈ ಕೊಡುತ್ತಾನೆ ಎಂದುಕೊಂಡೆ. ಅವನು ಮತ್ತೆ ಬೆನ್ನು ತಿರುಗಿಸಿದ. ಬೆರಳು ಜಾರತೊಡಗಿದ ಮೇಲೆ ಕಲ್ಲು ಬಿಟ್ಟು ವಾಪಸ್ಸು ಈಜಿದೆ. ಅಳುತ್ತಾ ಈಜಿದರೆ ಬಾಯಿಗೆ ನೀರು ಹೋಗುತ್ತದೆಂದು ಅವತ್ತೇ ಗೊತ್ತಾದದ್ದು, ಹಾಗಾಗಿ ಅಳುವುದನ್ನು ನಿಲ್ಲಿಸಿದೆ. ಮೆಟ್ಟಿಲು ಮುಟ್ಟಿದಾಗ ದೊಡ್ಡಪ್ಪ ಬಾವಿಯೆಲ್ಲ ಮೊಳಗುವಂತೆ "ಭೇಷ್, ನನ್ನ ಹುಲಿ" ಎಂದ. ಅದನ್ನು ಅವನು ಹೇಳಿದ್ದು ಆ ದಂಡೆಯ ಮೇಲಿದ್ದವನಿಗೆ.