ಗೇಟಿನಲ್ಲಿ ಬಿಚ್ಚಿದ ಗಡಿಯಾರ

೧೯೮೪ರಲ್ಲಿ ನಾನು ಪೀಣ್ಯದ ಒಂದು ಕೈಗಡಿಯಾರ ಕಾರ್ಖಾನೆಯಲ್ಲಿ ಟ್ರೈನಿ ಇಂಜಿನಿಯರ್ ಆಗಿದ್ದೆ. ಕೆಲಸ ಖಾಯಂ ಆಗಲು ಒಂದು ತಿಂಗಳು ಉಳಿದಿತ್ತು. ಗಡಿಯಾರ ತಯಾರಿಸುವ ಆ ಕಟ್ಟಡದೊಳಕ್ಕೆ ಗಡಿಯಾರ ಕಟ್ಟಿಕೊಂಡು ಹೋಗುವಂತಿರಲಿಲ್ಲ. ಬಿಡಿಭಾಗಗಳು ಅದರೊಳಗೆ ಅಡಗಿ ಹೊರಗೆ ಸಾಗಬಾರದೆಂದು, ಬೆಳಿಗ್ಗೆ ಗೇಟಿನಲ್ಲೇ ಬಿಚ್ಚಿ ನಂಬರಿನ ಖಾನೆಯಲ್ಲಿಟ್ಟು ಸಂಜೆ ವಾಪಸು ಪಡೆಯಬೇಕಿತ್ತು. ಅಧಿಕಾರಿಗಳ ಕಾರುಗಳು ಮಾತ್ರ ಇನ್ನೊಂದು ಗೇಟಿನಿಂದ ನಿಲ್ಲದೆ ಹೋಗುತ್ತಿದ್ದವು.

ಕಾರ್ಖಾನೆಗೆ ಬಂದಿದ್ದ ವಿದೇಶಿ ತಂತ್ರಜ್ಞರೊಬ್ಬರ ಕೈಯಲ್ಲಿ ನಾಣ್ಯದಷ್ಟು ತೆಳುವಾದ ದುಬಾರಿ ಸ್ವಿಸ್ ಗಡಿಯಾರ ನೋಡಿದ್ದೆ. ನಮ್ಮ ದಪ್ಪ ಗಡಿಯಾರಗಳ ನಡುವೆ ದಿನ ಕಳೆಯುತ್ತಿದ್ದ ನನಗೆ ಅದು ಸವಾಲೆಸೆದಂತಾಯಿತು. ರಾಜಗೋಪಾಲನಗರದ ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ಒಂದು ಸಣ್ಣ ಲೇತ್ ಇತ್ತು. ಭಾನುವಾರಗಳಂದು ಅಲ್ಲಿ ಕುಳಿತು ಮೇನ್ ಪ್ಲೇಟನ್ನು, ಅಂದರೆ ಎಲ್ಲ ಚಕ್ರಗಳನ್ನೂ ಹೊರುವ ಹಿತ್ತಾಳೆಯ ಬಿಲ್ಲೆಯನ್ನು, ಕುಯ್ದು ಉಜ್ಜಿ ತೆಳುಮಾಡಿದೆ. ಚಕ್ರಗಳೂ, ಅವುಗಳ ತುದಿ ಸವೆಯದಂತೆ ಕೂರಿಸುವ ಜ್ಯುವೆಲ್ ಎಂಬ ಕೆಂಪು ಕಲ್ಲುಗಳೂ ಅವೆನ್ಯೂ ರಸ್ತೆಯಲ್ಲಿ ಕೊಂಡ ಕೆಟ್ಟ ಗಡಿಯಾರಗಳಿಂದ ಬಂದವು. ಒಂದು ರಂಧ್ರ ಕೂದಲೆಳೆಯಷ್ಟು ತಪ್ಪಿತು. ಅದನ್ನು ಹಿತ್ತಾಳೆಯಿಂದ ಮುಚ್ಚಿ ಪಕ್ಕದಲ್ಲಿ ಮತ್ತೆ ಕೊರೆದೆ. ನಾಚಿಕೆಯ ತೇಪೆ, ಆದರೆ ಡಯಲ್ಲಿನ ಕೆಳಗೆ ಯಾರಿಗೂ ಕಾಣದು ಎಂದುಕೊಂಡೆ. ಡಯಲ್ಲಿನ ಮೇಲೆ ಯಾವ ಹೆಸರನ್ನೂ ಬರೆಯಲಿಲ್ಲ.

ಗಡಿಯಾರ ಓಡಿತು. ಸೋಮವಾರ ಅದನ್ನು ಕಟ್ಟಿಕೊಂಡೇ ಹೊರಟೆ. ಸಂಜೆ ಇನ್ಸ್‌ಪೆಕ್ಷನ್ ವಿಭಾಗದ ಮುಖ್ಯಸ್ಥ ಮೂರ್ತಿಯವರಿಗೆ ತೋರಿಸುವ ಆಸೆಯಿತ್ತು. ಗೇಟಿನಲ್ಲಿ ಸೆಕ್ಯುರಿಟಿ ಆಫೀಸರ್ ರಾಜಶೇಖರ್ ಅದನ್ನು ಕೈಗೆತ್ತಿಕೊಂಡರು.

“ಯಾವ ಕಂಪನಿದಮ್ಮ ಇದು? ಹೆಸ್ರೇ ಇಲ್ಲ!”

“ನಾನೇ ಮನೇಲಿ ಮಾಡಿದ್ದು ಸಾರ್.”

“ರೊಟ್ಟಿ ತಟ್ಟಿದ ಹಾಗಾ?”

ನಾನು ತಡೆಯುವಷ್ಟರಲ್ಲಿ ಅವರು ಜೇಬಿನ ಚಾಕುವಿನಿಂದ ಹಿಂದಿನ ಮುಚ್ಚಳ ಎಬ್ಬಿಸಿದ್ದರು. ಕೆಂಪು ಕಲ್ಲುಗಳು ಹೊಳೆದವು. ಸ್ಟೋರ್ಸಿನಲ್ಲಿ ಜ್ಯುವೆಲ್‌ಗಳು ಕಾಣೆಯಾಗುತ್ತಿರುವುದು ಎಲ್ಲರಿಗೂ ಗೊತ್ತಿತ್ತು. “ಓದಿರೋ ಕಳ್ಳೀನೇ ಸಿಕ್ಕಿದ್ಲು ನೋಡ್ರೋ!” ಎಂದು ಅವರು ಇಡೀ ಸಾಲಿಗೆ ಕೇಳುವಂತೆ ಕೂಗಿದರು. ಚಾಕುವಿನ ತುದಿ ಹೇರ್‌ಸ್ಪ್ರಿಂಗ್ ಎಂಬ ನವಿರಾದ ಸುರುಳಿಗೆ ತಗುಲಿ ಗಡಿಯಾರ ನಿಂತುಹೋಯಿತು. ನನ್ನ ಹಿಂದೆ ನಿಂತಿದ್ದ ಅಸೆಂಬ್ಲಿ ವಿಭಾಗದ ಜಯಮ್ಮ, “ಇಚಾರಿಸ್ದೆ ಅಂಗೆಲ್ಲ ಅನ್ಬ್ಯಾಡಿ ಸಾ” ಎಂದರು. ಯಾರೂ ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮ್ಯಾನೇಜರ್ ತಮ್ಮ ಕೋಣೆಯಲ್ಲಿ ನನಗೆ ಕುರ್ಚಿ ತೋರಿಸಿ ಬಿಳಿ ಹಾಳೆಯೊಂದನ್ನು ಮುಂದಿಟ್ಟರು. “ರಾಜೀನಾಮೆ ಬರ್ದುಕೊಟ್ಬಿಡಿ. ಪೊಲೀಸು ಗಿಲೀಸು ಅಂತಾದ್ರೆ ನಾಳೆ ನಿಮ್ಮ ಮದ್ವೆಗೂ ಕಷ್ಟ.”

ನಾನು ಪೆನ್ನು ಮುಟ್ಟಲಿಲ್ಲ. “ಮೂರ್ತಿ ಸಾರ್‌ನ ಕರೆಸಿ. ನಮ್ಮ ಕಾರ್ಖಾನೆ ಪ್ಲೇಟು, ನನ್ನ ಪ್ಲೇಟು ಎರಡನ್ನೂ ಅಳೀಲಿ. ಆಮೇಲೆ ಮಾತಾಡೋಣ” ಎಂದೆ.

ಮೂರ್ತಿಯವರು ಬಂದು, ಕಣ್ಣಿಗೆ ಲೂಪ್ ಎಂಬ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದೇ ಭಾಗ ಬಿಚ್ಚತೊಡಗಿದರು. ಅವರ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಡಯಲ್ ಎತ್ತಿದಾಗ ನಾನು ಮುಚ್ಚಿಟ್ಟಿದ್ದ ತೇಪೆ ಬಯಲಾಯಿತು. ಪ್ಲೇಟನ್ನು ಮೈಕ್ರೋಮೀಟರಿಗೆ ಕೊಟ್ಟು ಎರಡು ಸಲ ಅಳೆದರು. ಆಮೇಲೆ ನಕ್ಕುಬಿಟ್ಟರು.

“ಸಾರ್, ಇಷ್ಟು ತೆಳು ಪ್ಲೇಟು ನಮ್ಮಲ್ಲಿ ಇಲ್ವೇ ಇಲ್ಲ. ಕಲ್ಲುಗಳೂ ಅಷ್ಟೇ, ಒಂದೊಂದು ಒಂದೊಂದು ಸೈಜು, ನಮ್ಮವಲ್ಲ. ಈ ತೇಪೆ ನೋಡಿ! ಇಂಥದ್ದು ನಮ್ಮ ಲೈನಲ್ಲಿ ಪಾಸಾಗಿದ್ರೆ ರಾಜೀನಾಮೆ ನಾನು ಕೊಡ್ಬೇಕಾಗಿತ್ತು.”

ಯಾವುದಕ್ಕೆ ನಾಚಿದ್ದೆನೋ ಅದೇ ನನ್ನನ್ನು ಕಾಪಾಡಿತ್ತು. ಮ್ಯಾನೇಜರ್ ಬಿಳಿ ಹಾಳೆಯನ್ನು ಡ್ರಾಯರಿಗೆ ಸೇರಿಸಿ, “ಸರಿ, ಹೋಗಿ ಕೆಲ್ಸ ನೋಡಿ” ಎಂದರು. ನಾನು ಏಳಲಿಲ್ಲ.

“ಕಳ್ಳಿ ಅಂದದ್ದು ಗೇಟಲ್ಲಿ, ಎಲ್ರ ಎದುರಿಗೆ. ಅಲ್ಲ ಅನ್ನೋದು ಬಾಗ್ಲು ಹಾಕಿದ ರೂಮಲ್ಲಾ ಸಾರ್? ಸಂಜೆ ಅದೇ ಗೇಟಲ್ಲಿ ಅವರೇ ಹೇಳ್ಬೇಕು. ಕೆಡಿಸಿದ್ದು ಯಾರು ಅಂತಾನೂ ಹೇಳ್ಬೇಕು.”

“ನಿಮ್ಮ ಕನ್ಫರ್ಮೇಶನ್ ಫೈಲು ನನ್ನ ಟೇಬಲ್ ಮೇಲಿದೆ. ನೆನಪಿರ್ಲಿ.”

“ನೆನಪಿದೆ ಸಾರ್. ಸಹಿ ಹಾಕದಿದ್ರೆ ಯಾಕೆ ಅಂತಾನೂ ಕೇಳ್ತೀನಿ.”

ಮೂರ್ತಿಯವರು ಲೂಪ್ ತೆಗೆದಿಟ್ಟು, “ಹೇಳ್ಲಿ ಬಿಡಿ ಸಾರ್, ಕೂಗೋಕೆ ಬಂದವರಿಗೆ ಹೇಳೋಕೆ ಬರಲ್ವಾ?” ಎಂದರು.

ಸಂಜೆ ಪಾಳಿ ಬಿಟ್ಟಾಗ ರಾಜಶೇಖರ್ ಗೇಟಿನ ಪಕ್ಕ ನಿಂತಿದ್ದರು. ಸಾಲು ನಿಂತ ಮೇಲೆ ನೆಲ ನೋಡುತ್ತ ಏನೋ ಗೊಣಗಿದರು. ಜಯಮ್ಮನ ದನಿ ಎದ್ದಿತು: “ಇಂದಕ್ಕೆ ಕೇಳುಸ್ನಿಲ್ಲ ಸಾ! ಬೆಳಿಗ್ಗೆ ಚೆನ್ನಾಗ್ ಕೇಳುಸ್ತು!”

ಸಾಲು ನಕ್ಕಿತು. ಅವರು ತಲೆಯೆತ್ತಿದರು. “ಗಡಿಯಾರ ಅವರದ್ದೇ. ನಾನು ಅಂದದ್ದು ತಪ್ಪು. ಕೆಡಿಸಿದ್ದೂ ನಾನೇ.”

ಖಾಯಮಾತಿ ಆದೇಶ ನನ್ನ ಜೊತೆಯವರಿಗೆಲ್ಲ ಬಂದ ಎಷ್ಟೋ ದಿನಗಳ ಮೇಲೆ ನನಗೆ ಬಂತು. ತಡವೇಕೆಂದು ಕೇಳಿದೆ, ಉತ್ತರವಿಲ್ಲ. ಸ್ಟೋರ್ಸಿನ ಜ್ಯುವೆಲ್‌ಗಳು ಎಲ್ಲಿ ಹೋದವೆಂದು ಕೇಳಿದೆ, ಅದಕ್ಕೂ ಇಲ್ಲ. ಇನ್ನೊಂದು ಗೇಟಿನಲ್ಲಿ ಕಾರುಗಳು ಇಂದಿಗೂ ನಿಲ್ಲುವುದಿಲ್ಲ. ಈಗ ನಾನೂ ಇನ್ಸ್‌ಪೆಕ್ಷನ್ನಿನಲ್ಲಿದ್ದೇನೆ. ಯಾರ ಕೆಲಸವನ್ನಾದರೂ ತಿರಸ್ಕರಿಸುವುದಿದ್ದರೆ ಅವರ ಮೇಜಿನ ಬಳಿಗೇ ಹೋಗಿ ಹೇಳುತ್ತೇನೆ. ನನ್ನ ಅಳತೆ ತಪ್ಪಾಗಿದ್ದರೆ ಅದನ್ನೂ ಅಲ್ಲಿಯೇ, ಅಷ್ಟೇ ದೊಡ್ಡ ದನಿಯಲ್ಲಿ ಹೇಳಬೇಕಾಗುತ್ತದೆ ಎಂಬ ಎಚ್ಚರದಿಂದ ಎರಡು ಸಲ ಅಳೆಯುತ್ತೇನೆ. ಆ ಗೇಟು ನನಗೆ ಕಲಿಸಿದ್ದು ಅದು.

ಹೇರ್‌ಸ್ಪ್ರಿಂಗ್ ಬದಲಾಯಿಸಿದ ಗಡಿಯಾರ ಚೆನ್ನಾಗಿ ಓಡುತ್ತಿದೆ. ಡಯಲ್ಲಿನ ಮೇಲೆ ಇನ್ನೂ ಹೆಸರಿಲ್ಲ. ದಿನವೂ ಅದನ್ನು ಅದೇ ಗೇಟಿನಲ್ಲಿ ಬಿಚ್ಚಿಡುತ್ತೇನೆ. ಯಾರದೆಂದು ಯಾರೂ ಕೇಳುವುದಿಲ್ಲ.