ಲಚ್ಚಕ್ಕನ ಮನೆಯ ಬಾಣಂತಿ ಕೋಣೆ

ಕೊರೋನಾ ಕಳೆದ ಮೇಲಿನ ಎರಡನೇ ಬೇಸಿಗೆ. ನಾನಾಗ ಕುಂದಾಪುರದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯ ಸರ್ವಿಸ್ ವಿಭಾಗದಲ್ಲಿ ಸೀನಿಯರ್ ಟೆಕ್ನಿಷಿಯನ್. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಗಲ್ಫಿನಲ್ಲಿ ಇದೇ ಕೆಲಸ ಮಾಡಿ ಬಂದವನು. ದಕ್ಷಿಣಕ್ಕೆ ಬ್ರಹ್ಮಾವರ, ಉತ್ತರಕ್ಕೆ ಬೈಂದೂರು, ನಡುವೆ ಎಲ್ಲಿ ಎ.ಸಿ. ಕೆಟ್ಟರೂ ನನ್ನ ವ್ಯಾನು ಓಡಬೇಕು. ಆ ವರ್ಷದ ಮೇ ತಿಂಗಳ ಸೆಕೆಗೆ ಜನ ಮನೆಯೊಳಗೆ ಬೆಂದುಹೋಗಿದ್ದರು. ಮಧ್ಯಾಹ್ನದ ಊಟಕ್ಕೆ ಕೂತರೆ ಮೂರು ಸಲ ಫೋನಿಗೆ ಏಳಬೇಕಾಗುತ್ತಿತ್ತು.

ಫೋನ್ ಮಾಡುವವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು, "ಗ್ಯಾಸ್ ಖಾಲಿಯಾಗಿದೆ." ಕೇಳಿ ಕೇಳಿ ನನಗೆ ತಲೆ ಕೆಟ್ಟುಹೋಗಿದೆ. ಎ.ಸಿ.ಯ ಗ್ಯಾಸು ಸ್ಕೂಟರಿನ ಪೆಟ್ರೋಲ್ ಅಲ್ಲ ಮಾರಾಯ್ರೆ, ಓಡಿದ ಹಾಗೆ ಮುಗಿಯಲಿಕ್ಕೆ! ಅದು ಮುಚ್ಚಿದ ತಾಮ್ರದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಎಲ್ಲಾದರೂ ತೂತಾದರೆ ಮಾತ್ರ ಕಡಿಮೆಯಾಗುತ್ತದೆ. ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಕಾಯಿಲ್ ತಿಂದುಹೋಗಿ ಹಾಗಾಗುವುದು ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಎಷ್ಟೋ ಕಡೆ ಹೋಗಿ ನೋಡಿದರೆ ಗ್ಯಾಸು ಸರಿಯಾಗಿಯೇ ಇರುತ್ತದೆ, ಫಿಲ್ಟರಿನ ಮೇಲೆ ಧೂಳು ಕಂಬಳಿ ಹೊದ್ದು ಕೂತಿರುತ್ತದೆ. ತಿಂಗಳಿಗೊಮ್ಮೆ ಆ ಫಿಲ್ಟರ್ ತೆಗೆದು ನಲ್ಲಿ ಕೆಳಗೆ ಹಿಡಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಆ ದಿನ ಬಂದ ಕರೆ ಬೇರೆ ತರದ್ದು. ಬೈಂದೂರು ಕಡೆಯ ಬಂದರಿನಲ್ಲಿ ಬೋಟಿನ ಕೆಲಸ ಮಾಡುವ ರವಿ ಎಂಬ ಹುಡುಗ ಫೋನ್ ಮಾಡಿದ್ದ. "ಸುರೇಶಣ್ಣ, ಎ.ಸಿ. ಗ್ಯಾಸ್ ಕೋಣಿಯೊಳ್ಗೇ ಬತ್ತಾ ಇತ್ತ್ ಕಾಣತ್ತ್. ತಂಗಿಗೆ ನಾಲ್ಕ್ ದಿನದಿಂದ ತಲಿನೋವು, ವಾಂತಿ. ಬಾಣಂತಿ ಬೇರೆ. ಮನೆಯಂಗೆ ಅಬ್ಬಿ ಮಾತ್ರ ಇಪ್ಪುದ್. ಒಂಚೂರು ಬೇಗ ಹೋಯ್ನಿ." ತಂಗಿಯ ಗಂಡ ಆಳಸಮುದ್ರದ ಬೋಟಿಗೆ ಹೋದವನು, ಮಳೆಗಾಲದ ರಜೆಗೆ ಮುಂಚಿನ ಕೊನೆಯ ಟ್ರಿಪ್ಪು, ಫೋನಿಗೆ ಸಿಗುವುದಿಲ್ಲ ಎಂದೂ ಹೇಳಿದ.

ಮನೆ ಕಡಲಿಗೆ ಕೂಗಳತೆಯಲ್ಲಿತ್ತು. ಹಳೆಯ ಹಂಚಿನ ಮನೆ ಕೆಡವಿ ಹೊಸದಾಗಿ ಕಟ್ಟಿದ ತಾರಸಿ ಮನೆ. ಅಂಗಳಕ್ಕೆ ಕಾಲಿಡುವಷ್ಟರಲ್ಲಿ ರವಿ ಹೇಳಿದ ಅಬ್ಬಿ, ಅವನ ತಾಯಿ ಲಚ್ಚಕ್ಕ ಎದುರು ಬಂದರು. ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಮಾರಿದ ಹೆಂಗಸು, ಗಂಟಲು ಸಣ್ಣದಲ್ಲ.

"ಹ್ವಾಯ್, ಅಲ್ಲೇ ನಿಲ್ಲಿ! ಬಾಣಂತಿ ಕೋಣಿ ಅದ್, ಒಳ್ಗ್ ಬಪ್ಕಾಗ. ಎಂತ ರಿಪೇರಿ ಇದ್ರೂ ಹೊರ್ಗಿಂದ್ಲೇ ಮಾಡಿ."

"ನಾನು ಮೆಕ್ಯಾನಿಕ್ಕು ಲಚ್ಚಕ್ಕ, ಕವಡೆ ಹಾಕಿ ಹೇಳುವವನಲ್ಲ" ಎಂದೆ. ಡಾಕ್ಟರಿಗೆ ತೋರಿಸಿದ್ದೀರಾ ಎಂದು ಕೇಳಿದೆ. ತೋರಿಸಿದ್ದರು. ಹೆರಿಗೆಯ ಮೇಲೆ ರಕ್ತ ಕಮ್ಮಿಯಾಗಿದೆ, ಮಾತ್ರೆ ಕೊಟ್ಟಿದ್ದಾರೆ, ತಲೆನೋವು ಜೋರಾದರೆ ಕೂಡಲೇ ಕರೆತರಲು ಹೇಳಿದ್ದಾರೆ ಎಂದರು. "ನಂಗ್ ಗೊತ್ತಿತ್ತ್, ಇದ್ ಶೀತ. ಆ ಮಿಶನ್ ಹಾಕ್ಬೇಡ ಅಂದ್ರೆ ಕೇಂತಿಲ್ಲೆ ಅವ್ಳ್."

ಸರಿ, ಹಿತ್ತಲಿಗೆ ಹೋಗಿ ಹೊರಗಿನ ಯೂನಿಟ್ ನೋಡಿದೆ. ಪೈಪಿಗೆ ಗೇಜ್ ಕೂರಿಸಿ ಗ್ಯಾಸಿನ ಒತ್ತಡ ನೋಡಿದರೆ ಇರಬೇಕಾದಷ್ಟೇ ಇದೆ. ಲೀಕ್ ಆಗಿದ್ದರೆ ಇಳಿದಿರಬೇಕಿತ್ತು. ಆಮೇಲೆ ಕ್ಲ್ಯಾಂಪ್ ಮೀಟರ್ ಹಾಕಿದೆ. ವೈರಿನ ಸುತ್ತ ಕಚ್ಚಿಸಿದರೆ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ತೋರಿಸುವ ಉಪಕರಣ ಅದು. ಇಲ್ಲಿ ನನಗೆ ಅನುಮಾನ ಬಂತು. ಇನ್ವರ್ಟರ್ ಎ.ಸಿ. ಎಂದರೆ ಕೋಣೆ ತಂಪಾದ ಮೇಲೆ ಕಂಪ್ರೆಸರ್ ತಾನಾಗಿ ನಿಧಾನವಾಗಬೇಕು. ಬೆಳಗಿನಿಂದ ಓಡುತ್ತಿರುವ ಈ ಯಂತ್ರ, ಅಷ್ಟು ಸಣ್ಣ ಕೋಣೆಗೆ, ಇನ್ನೂ ಪೂರ್ತಿ ವೇಗದಲ್ಲಿ ಏದುಸಿರು ಬಿಡುತ್ತಿತ್ತು. ಒಳಗೆ ಏನೋ ಒಂದು ಬಿಸಿ ಹುಟ್ಟಿಸುತ್ತಿದ್ದರೆ ಮಾತ್ರ ಹಾಗಾಗುತ್ತದೆ.

ಮನೆಯೊಳಗೆ, ಕೋಣೆಯ ಬಾಗಿಲವರೆಗೆ ಬಂದು ಲಚ್ಚಕ್ಕನನ್ನು ಕೇಳಿದೆ, "ಒಳಗೆ ಫ್ರಿಜ್ ಇದೆಯಾ? ಟಿ.ವಿ.? ಇಸ್ತ್ರಿಪೆಟ್ಟಿಗೆ?"

"ಎಂತದೂ ಇಲ್ಲೆ. ಮಂಚ, ಹಾಸ್ಗಿ, ಬಾಣಂತಿ, ಮಗು."

ಅಷ್ಟರಲ್ಲಿ ಕೋಣೆಯ ಬಾಗಿಲಾಚೆಯಿಂದ ಮಗಳು ಶೈಲಾಳ ದನಿ ಕೇಳಿತು. ಮಾತು ತೊದಲುತ್ತಿತ್ತು. "ಮೀಯುಕೆ ಬಚ್ಲಿಗೆ ಹೋದ್ರೆ ತಲಿನೋವು ಕಮ್ಮಿ ಆತ್ತ್ ಸುರೇಶಣ್ಣ. ತಿರ್ಗಿ ಇಲ್ಲಿಗ್ ಬಂದ್ರೆ ಸುರು. ಇದ್ರೊಳ್ಗೇ ಎಂತೋ ಇತ್ತ್."

ಇನ್ನು ನಾನು ಜಗ್ಗುವವನಲ್ಲ. ಒಳಗೆ ಬಿಡದಿದ್ದರೆ ಕೆಲಸವೇ ಬೇಡ, ಹೊರಟೆ ಎಂದು ಬ್ಯಾಗು ಎತ್ತಿದೆ. ಲಚ್ಚಕ್ಕ ಬೈದುಕೊಳ್ಳುತ್ತಲೇ ಕೈಕಾಲು ತೊಳೆಸಿದರು, ಬಾಯಿಗೆ ಬಟ್ಟೆ ಕಟ್ಟಿಸಿದರು, ಒಳಗೆ ಬಿಟ್ಟರು. ಬಾಗಿಲು ಉಪ್ಪುಗಾಳಿಗೆ ಉಬ್ಬಿ ಸರಿಯಾಗಿ ಕೂರುತ್ತಿರಲಿಲ್ಲ, ಬಿಟ್ಟರೆ ತೆರೆದುಕೊಳ್ಳುತ್ತಿತ್ತು. ಅದಕ್ಕೆ ಹೊರಗಿನಿಂದ ಚಿಲಕ ಹಾಕುವುದು ಆ ಮನೆಯ ರೂಢಿ. ನಾನು ಒಳಗಿರುವಾಗಲೂ ರೂಢಿ ಬಿಡದೆ ಚಿಲಕ ಜಡಿದು, ಸಂಜೆಯ ಸ್ನಾನಕ್ಕೆ ನೀರು ಕಾಯಿಸಲು ಹಿತ್ತಲ ಬಚ್ಚಲಿಗೆ ಹೋದರು.

ಕೋಣೆಗೆ ಹೋದ ಕೂಡಲೇ ತಲೆಗೆ ತಂಪು, ಕಾಲಿಗೆ ಬಿಸಿ. ಸಾಂಬ್ರಾಣಿಯ ಪರಿಮಳ. ಒಂದೇ ಕಿಟಕಿ, ಅದರ ಸಂದಿಗೆಲ್ಲ ತಂಪು ಸೋರಬಾರದೆಂದು ರವಿ ನಾಲ್ಕೈದು ದಿನದ ಹಿಂದಷ್ಟೇ ಅಂಟು ಮೆತ್ತಿದ್ದ. ಗಾಜಿನ ಹೊರಗೆ ಕಬ್ಬಿಣದ ಸರಳು. ಮಂಚದ ಮೇಲೆ ಶೈಲಾ, ತಲೆಗೆ ಕಿವಿಮುಚ್ಚುವಂತೆ ಬಟ್ಟೆ ಸುತ್ತಿ ಗೋಡೆಗೆ ಒರಗಿದ್ದಳು. ಇಪ್ಪತ್ತೈದು ದಾಟದ ಹುಡುಗಿ. ಪಕ್ಕದಲ್ಲಿ ತಿಂಗಳು ತುಂಬದ ಹೆಣ್ಣುಮಗು ಮಲಗಿತ್ತು. "ಫೋನ್ ಕಂಡ್ರೆ ಕಣ್ಣ್ ಹಾಳ್ ಅಂದೇಳಿ ಅದನ್ನೂ ತೆಗ್ದಿಟ್ಟಿತ್ತ್ ಅಬ್ಬಿ" ಎಂದಳು. "ಜೈಲಂಗಾರೂ ಹೊರ್ಗ್ ತಿರ್ಗುಕೆ ಬಿಡ್ತ್ರಪ್ಪ."

ಸ್ಟೂಲ್ ಹತ್ತಿ ಒಳಗಿನ ಯೂನಿಟ್ಟಿನ ಜಾಯಿಂಟುಗಳಿಗೆ ಸೋಪಿನ ನೀರು ಸವರಿದೆ. ಲೀಕ್ ಇದ್ದರೆ ಗುಳ್ಳೆ ಏಳುತ್ತದೆ. ಏಳಲಿಲ್ಲ. ಇನ್ನೊಂದು ಸಲ ಸವರಿ ಕಾದೆ, ಪೈಪ್ ಉದ್ದಕ್ಕೂ ಬೆರಳಾಡಿಸಿದೆ, ಟ್ರೇ ಬಿಚ್ಚಿ ನೋಡಿದೆ. ಏನೂ ಇಲ್ಲ. ಅಷ್ಟರಲ್ಲಿ ನನ್ನ ಕಣತಲೆಯೇ ಡಬಡಬ ಹೊಡೆಯಲು ಶುರುವಾಯಿತು. ಮಧ್ಯಾಹ್ನ ಊಟ ಮಾಡಿರಲಿಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಕೈಯಿಂದ ಸ್ಪ್ಯಾನರ್ ಜಾರಿ ಮಂಚದ ಕೆಳಗೆ ಹೋಯಿತು. ಎತ್ತಿಕೊಳ್ಳಲು ಬಗ್ಗಿದೆ.

ಮಂಚದ ಕೆಳಗೆ ಒಂದು ಮಣ್ಣಿನ ಬೋಗುಣಿ. ಅದರ ತುಂಬ ತೆಂಗಿನ ಗೆರಟೆಯ ಕೆಂಡ, ಮೇಲೆ ತೆಳ್ಳಗೆ ಬೂದಿ.

"ಇದು ಯಾವಾಗಿಂದ ಇದೆ?"

"ಅದ್ ಯಾವತ್ತೂ ಇತ್ತಲೆ. ಶೀತ ಆಪ್ಕಾಗ ಅಂದೇಳಿ ಅಬ್ಬಿ ಇಡುದ್. ಎ.ಸಿ. ಬೇಕಿದ್ರೆ ಹಾಯ್ಕೊ, ಕೆಂಡ ಇರ್ಲಿ ಅಂತ ಒಪ್ಪಂದ ಆದ್ದ್ ನಮ್ಗೆ."

ಒಪ್ಪಂದ! ಇವಳು ಸೆಕೆ ತಡೆಯಲಾರದೆ ರಿಮೋಟಿನಲ್ಲಿ ಒಂದು ಡಿಗ್ರಿ ಇಳಿಸುವುದು, ಅವರು ಶೀತವೆಂದು ಒಂದು ಹಿಡಿ ಗೆರಟೆ ಹಾಕುವುದು. ತಲೆನೋವು ಬಂದರೆ ಇವಳಿಗೆ ಅದು ಸೆಕೆಯದ್ದು, ಅವರಿಗೆ ಶೀತದ್ದು. ಮತ್ತೆ ಒಂದು ಡಿಗ್ರಿ, ಮತ್ತೆ ಒಂದು ಹಿಡಿ. ನಾಲ್ಕು ದಿನದಿಂದ ಇದೇ ನಡೆದಿತ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಹೊರಗೊಂದು ಡಬ್ಬಿ, ಒಳಗೊಂದು ಡಬ್ಬಿ ಇರುವುದರಿಂದ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ತಂಪು ಮಾಡಿ ಒಳಗೆ ಬಿಡುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಸುಳ್ಳು. ನಡುವಿನ ಪೈಪಿನಲ್ಲಿ ಓಡಾಡುವುದು ಗ್ಯಾಸ್ ಮಾತ್ರ. ಕೋಣೆಯ ಗಾಳಿಯನ್ನೇ ಎಳೆದು, ತಂಪು ಮಾಡಿ, ಅದನ್ನೇ ತಿರುಗಿ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ಗಲ್ಫಿನಲ್ಲಿದ್ದಾಗ ಒಂದು ಚಳಿಗಾಲ, ನಮ್ಮ ಕ್ಯಾಂಪಿನ ಇಬ್ಬರು ಇದ್ದಿಲ ಒಲೆ ಒಳಗಿಟ್ಟು ಬಾಗಿಲು ಹಾಕಿ ಮಲಗಿದವರು ಏಳಲೇ ಇಲ್ಲ. ಆ ಇಬ್ಬರ ಮುಖ ನನಗೆ ಆ ಕ್ಷಣ ನೆನಪಾಯಿತು.

"ಮಗು ಹಾಲು ಕುಡಿಯಿತಾ?" ಎಂದು ಕೇಳಿದೆ.

"ಬೆಳಿಗ್ಗಿಂದ ನಿದ್ದಿ. ಎಷ್ಟ್ ಪಾಪದ್ದ್ ಮಗು, ಕೂಗುದೇ ಇಲ್ಲ ಅಂತಿತ್ತ್ ಅಬ್ಬಿ" ಎಂದಳು ಶೈಲಾ. ಹೇಳುತ್ತಾ ಹೇಳುತ್ತಾ ಅವಳ ಕುತ್ತಿಗೆ ಪಕ್ಕಕ್ಕೆ ವಾಲಿತು.

ಬಾಗಿಲಿಗೆ ಹೋಗಿ ಗುದ್ದಿದೆ. "ಲಚ್ಚಕ್ಕ! ಚಿಲಕ ತೆಗೀರಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಹಿತ್ತಲ ಬಚ್ಚಲಲ್ಲಿ ಹಂಡೆಯ ಮುಂದೆ ಕೂತವರಿಗೆ, ಕಡಲಿನ ಸದ್ದಿನಲ್ಲಿ, ಎಲ್ಲಿಯ ಕೇಳುವುದು? ನನ್ನ ಫೋನು ವ್ಯಾನಿನಲ್ಲಿ ಚಾರ್ಜಿಗಿತ್ತು. ಭುಜ ಕೊಟ್ಟು ದೂಡಿದೆ, ಒಳಗಡೆ ತೆರೆಯುವ ಬಾಗಿಲು, ದೂಡಿದರೆ ಇನ್ನೂ ಗಟ್ಟಿ ಕೂತಿತು. ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ನಾಲ್ಕು ಗೋಡೆ, ಮೂರು ಜೀವ, ತಲೆಯ ಮೇಲೆ ಎ.ಸಿ. ತಣ್ಣಗೆ ಬೀಸುತ್ತಲೇ ಇದೆ.

ಸ್ಪ್ಯಾನರ್ ಎತ್ತಿ ಕಿಟಕಿಗೆ ಬೀಸಿದೆ. ಮೊದಲ ಪೆಟ್ಟಿಗೆ ಬಿರುಕು, ಎರಡನೆಯದಕ್ಕೆ ಗಾಜು ಪೂರ್ತಿ ಉದುರಿತು. ಪಡುವಣ ಗಾಳಿ ಭರ್ರೆಂದು ನುಗ್ಗಿತು. ಮಗುವನ್ನು ಎತ್ತಿ ಸರಳಿನ ಹತ್ತಿರ ಹಿಡಿದೆ. ಶೈಲಾಳನ್ನು ರಟ್ಟೆ ಹಿಡಿದು ಎಳೆದು ಕಿಟಕಿಯ ಕೆಳಗೆ ಕೂರಿಸಿದೆ.

ಗಾಜಿನ ಸದ್ದು ಬಚ್ಚಲಿಗೆ ಕೇಳಿತ್ತು. ಲಚ್ಚಕ್ಕ ಚಿಲಕ ತೆಗೆದು ಒಳಗೆ ಬಂದವರು ಕೆಂಡಾಮಂಡಲವಾದರು. "ಎಂತ ಮರ್ಲ್ ನಿಮ್ಗೆ? ಮೂರ್ಸಂಜಿ ಹೊತ್ತಲ್ಲಿ ಕಡ್ಲ್ ಗಾಳಿ ಬಿಟ್ರ್ಯಲೆ ಬಾಣಂತಿಗೆ! ಕೊಡಿ ಮಗಿನ್!" ದಾರಿಗೆ ಅಡ್ಡ ನಿಂತಿದ್ದರು, ಹೊರಗೆ ಹೋಗಲು ಬಿಡುವ ಲಕ್ಷಣವಿರಲಿಲ್ಲ. ವಿಷಾನಿಲದ ಪಾಠ ಹೇಳುತ್ತ ಕೂರುವ ಹೊತ್ತೇ ಅದು?

ಮಗುವನ್ನು ಅವರ ಕೈಗೇ ಕೊಟ್ಟೆ. "ಬಯ್ಯುವುದು ಆಮೇಲೆ. ಈಗ ಇದರ ಪಾದ ಚಿವುಟಿ ಕಾಣಿ" ಎಂದೆ.

ಚಿವುಟಿದರು. ಮಗು ಅಳಲಿಲ್ಲ. ಮತ್ತೆ ಜೋರಾಗಿ ಚಿವುಟಿದರು. ಕಾಲು ಕೂಡ ಎಳೆದುಕೊಳ್ಳಲಿಲ್ಲ. ಲಚ್ಚಕ್ಕನ ಮುಖದ ರಕ್ತ ಇಳಿದುಹೋಯಿತು. ಮರುಕ್ಷಣ ಮಗುವಿಗೆ ಸುತ್ತಿದ್ದ ಬಟ್ಟೆಯನ್ನೆಲ್ಲ ಕಿತ್ತೆಸೆದು, ಅಂಗಳ ದಾಟಿ, ಕಡಲ ಗಾಳಿಗೇ ಓಡಿದರು.

ಶೈಲಾಳನ್ನು ನಾನು ಹೊತ್ತು ತಂದೆ. ಬಾಣಂತಿಯನ್ನು ಪರಗಂಡಸು ಮುಟ್ಟಬಾರದು ಎಂಬುದು ಯಾರಿಗೂ ನೆನಪಾಗಲಿಲ್ಲ. ವ್ಯಾನಿನ ಗಾಜನ್ನೆಲ್ಲ ಇಳಿಸಿ ಕುಂದಾಪುರಕ್ಕೆ ಬಿಟ್ಟೆ. ಹಿಂದಿನ ಸೀಟಿನಲ್ಲಿ ಲಚ್ಚಕ್ಕ ಮಗುವಿನ ಬೆನ್ನು ತಿಕ್ಕುತ್ತಾ "ಕೂಗ್ ಮಗಾ, ಒಂದ್ಸಲ ಕೂಗ್" ಎನ್ನುತ್ತಿದ್ದರು. ಮರವಂತೆಯಲ್ಲಿ ರಸ್ತೆ ಕಡಲಿಗೆ ತಾಗಿಕೊಂಡೇ ಹೋಗುತ್ತದಲ್ಲ, ಅಲ್ಲಿ ಗಾಳಿ ಒಳಗೆ ನುಗ್ಗುವಾಗ ಮಗು ಒಮ್ಮೆ ಕುಂಯ್ ಎಂದಿತು. ಆಮೇಲೆ ಕಿರುಚಿ ಅಳತೊಡಗಿತು. ಅಷ್ಟು ಚಂದದ ಅಳು ನಾನು ಕೇಳಿದ್ದೇ ಇಲ್ಲ. ನನಗೂ ಕಣ್ಣು ಮಂಜಾಗಿ, ಗಾಡಿ ನಿಧಾನ ಮಾಡಬೇಕಾಯಿತು.

ಆಸ್ಪತ್ರೆಯಲ್ಲಿ ತಾಯಿ ಮಗು ಇಬ್ಬರಿಗೂ ಕೂಡಲೇ ಆಕ್ಸಿಜನ್ ಕೊಟ್ಟರು. ರಕ್ತದಲ್ಲಿ ಪ್ರಾಣವಾಯು ಕೂರಬೇಕಾದ ಜಾಗದಲ್ಲಿ ಈ ವಿಷಾನಿಲ ಹೋಗಿ ಕೂರುತ್ತದೆ, ಇನ್ನೂ ಸ್ವಲ್ಪ ಹೊತ್ತು ಆ ಕೋಣೆಯಲ್ಲಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮೊದಲು ನೋಡಿದವರೂ ಅವರೇ. ಕೆಂಡದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೆ ಹೊಳೆಯಬೇಕು?

ಹೊರಗಿನ ಬೆಂಚಿನಲ್ಲಿ ಲಚ್ಚಕ್ಕ ಮುದ್ದೆಯಾಗಿ ಕೂತಿದ್ದರು. "ನಂಗೆ ನನ್ನಬ್ಬಿ ಇಟ್ಟಿತ್ತ್. ನಾ ಮೂರ್ ಹೆತ್ತೆ, ಮೂರಕ್ಕೂ ಕೆಂಡ ಇತ್ತ್. ಒಂದಕ್ಕಾರೂ ಎಂತ ಆಯ್ಲಿಲ್ಲೆ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಹಂಚಿನ ಮನೆಯಲ್ಲಿ ಹೊಗೆ, ಅನಿಲ ಎಲ್ಲ ಹಂಚಿನ ಸಂದಿಯಲ್ಲಿ ಹೋಗುತ್ತಿತ್ತು. ತಾರಸಿಗೆ ಸಂದಿಯಿಲ್ಲ. ಅದನ್ನೇ ಹೇಳಿದೆ. ಅವರು ಸಣ್ಣ ದನಿಯಲ್ಲಿ ಕೇಳಿದರು, "ಇನ್ನ್ ಅವ್ಳ್ ನನ್ನ್ ಕೈಯಂಗೆ ಮಗಿನ್ ಕೊಡ್ತ್ಲಾ?"

ಅಂದಿನಿಂದ ನನ್ನ ಕೆಲಸದ ಕ್ರಮ ಬದಲಾಗಿದೆ. ಗೇಜು, ಮೀಟರು ಆಮೇಲೆ. ಮೊದಲು ಕೋಣೆಗೆ ಹೋಗುತ್ತೇನೆ. ಯಾರು ಮಲಗುತ್ತಾರೆ, ಒಳಗೆ ಏನು ಉರಿಯುತ್ತದೆ, ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳುತ್ತೇನೆ. ಧೂಪವೋ ಕೆಂಡವೋ ಸೊಳ್ಳೆಬತ್ತಿಯೋ, ಎ.ಸಿ. ಕೋಣೆಯಲ್ಲಿ ಬೇಡವೇ ಬೇಡ ಎಂದು ಜಗಳವಾಡಿಯಾದರೂ ಹೇಳಿಬರುತ್ತೇನೆ. ನಾನು ರಿಪೇರಿ ಮಾಡುವುದು ಯಂತ್ರವನ್ನಾದರೂ, ಅದರ ಗಾಳಿ ಉಸಿರಾಡುವುದು ಮನುಷ್ಯರು.

ಮರುದಿನ ನೋಡಲು ಹೋದಾಗ ಶೈಲಾ ಎದ್ದು ಕೂತಿದ್ದಳು. ಮಗು ಹಾಲು ಕುಡಿದು ಮುಗಿಸಿತ್ತು. ಲಚ್ಚಕ್ಕ ವಾರ್ಡಿನ ಬಾಗಿಲಲ್ಲೇ, ಹೊರಗಿನವರ ಹಾಗೆ ನಿಂತಿದ್ದರು. ಶೈಲಾ ಅತ್ತ ನೋಡಿ, "ಅಬ್ಬಿ, ಹಿಡ್ಕೊ ಇದನ್ನ್. ನಂಗೆ ಕೈ ಸೋಲತ್ತ್" ಎಂದು ಮಗುವನ್ನು ಚಾಚಿದಳು. ಲಚ್ಚಕ್ಕ ಕೂಡಲೇ ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲು ಹೋಗಿ ವಾರ್ಡಿನ ಕಿಟಕಿಗಳನ್ನೆಲ್ಲ ಒಂದೊಂದಾಗಿ ತೆರೆದು ಬಂದರು.