ಕೊಲೆಸ್ಟ್ರಾಲ್ ಗುಳಿಗೆ ಮತ್ತು ಚಾಂದಬೀ ಅವರ ಹೆಸರು

ಸೀರೆ ಮಾರಲು ರಂಗಂಪೇಟೆಗೆ ಹೋದಾಗ, ಹಳೆಯ ಗಿರಾಕಿ ಚಾಂದಬೀ ಅವರ ಹೆಸರೇ ನನಗೆ ನೆನಪಾಗಲಿಲ್ಲ. "ಯಾಕ್ರಿ ಅಣ್ಣಾ, ನನ್ನ ಗುರ್ತಾ ಹತ್ತಲಿಲ್ಲೇನು?" ಎಂದು ಅವರು ನಕ್ಕರು. ನಾನು ಆಗಷ್ಟೇ ಶುರುಮಾಡಿದ್ದ ಕೊಲೆಸ್ಟ್ರಾಲ್ ಗುಳಿಗೆ ಮೆದುಳು ತಿನ್ನುತ್ತದೆಂದು ಬಸ್ಸಿನಲ್ಲಿ ಯಾರೋ ಹೆದರಿಸಿದ್ದರು. ಸೀದಾ ಸುರಪುರದ ಡಾಕ್ಟರ ಹತ್ತಿರ ಹೋಗಿ, "ಈ ಗುಳಿಗಿ ಬಿಡ್ತೀನ್ರಿ, ಮರವು ಬರಾಕತ್ತದ" ಎಂದೆ.

"ಅದರಿಂದ ಮರವು ಬರೋದು ಭಾಳ ಕಮ್ಮಿ ಮಂದಿಗ್ರಿ. ಮತ್ತೇನು ತಗೋತೀರಿ?" ಎಂದರು ಡಾಕ್ಟರು.

"ನೆಗಡಿಗಿ ದಿನಾ ಒಂದು ಗುಳಿಗಿ. ನಾನೇ ಅಂಗಡ್ಯಾಗ ಕೇಳಿ ತಗೊಂಡಿದ್ದು."

"ಆ ಗುಳಿಗಿ ಮಂಪರು ತರ್ತದ, ಮರವು ಅದರದ್ದೇ ಇರಬೇಕು. ಮೊದಲ ಅದನ್ನ ಬಿಟ್ಟು ನೋಡ್ರಿ. ಕೊಲೆಸ್ಟ್ರಾಲಿಂದು ಬಿಡಬ್ಯಾಡ್ರಿ."

ವಾರದೊಳಗೆ ತಲೆ ತಿಳಿಯಾಯಿತು, ಹೆಸರುಗಳೆಲ್ಲ ಮರಳಿದವು. ಮರೆತೆನೆಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದ ಕಾಯಿಪಲ್ಲೆ ತರುವ ಕೆಲಸ ಮಾತ್ರ ಈಗ ಮತ್ತೆ ನನ್ನ ಪಾಲಿಗೇ ಬಂದಿದೆ.